ಅಲುಗಾಡಿದವರು ಫೋಟೋದಲ್ಲಿ ಬರೋದಿಲ್ಲ

ಬೀದಿಯವರೆಲ್ಲ ಅವನನ್ನು ಟಚಿಂಗ್ ಮಾಮ ಎಂದೇ ಕರೆಯುತ್ತಿದ್ದರು. ಫೋಟೋ ತೆಗೆಯುತ್ತಿದ್ದವನು ಸ್ಟುಡಿಯೋ ಮಾಲೀಕ; ಹೆಸರು, ಹೊಗಳಿಕೆ ಎಲ್ಲ ಅವನಿಗೆ. ಫೋಟೋ ತೆಗೆದಾದ ಮೇಲೆ ಹಿಂದಿನ ಕೋಣೆಯಲ್ಲಿ ಕೂತು ದೇವರು ಮಾಡಿದ ತಪ್ಪುಗಳನ್ನೆಲ್ಲ ತಿದ್ದುವ ಕೆಲಸ ಮಾತ್ರ ಮಾಮನದು. ಗಾಜಿನ ನೆಗೆಟಿವ್ ಪ್ಲೇಟನ್ನು ಓರೆಯಾದ ಮೇಜಿನ ಮೇಲಿಟ್ಟು ಅದರ ಕೆಳಗೊಂದು ಕನ್ನಡಿ ಇಡುತ್ತಿದ್ದ. ಕಿಟಕಿಯ ಬೆಳಕು ಕನ್ನಡಿಗೆ ಬಡಿದು ಪ್ಲೇಟಿನೊಳಗಿಂದ ಹಾಯ್ದು ಬರುತ್ತಿತ್ತು. ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲಿನಿಂದ ಸಿಡುಬಿನ ಕಲೆ ಮುಚ್ಚುವನು. ಬ್ಲೇಡಿನ ತುದಿಯಿಂದ ಕೆರೆದು ಬೋಳುತಲೆಯಲ್ಲಿ ಕೂದಲು ಬರಿಸುವನು. ಕೊನೆಗೆ ಪ್ರಿಂಟಿನ ಮೇಲೆ ಮೂರೇ ಕೂದಲಿನ ಬ್ರಷ್ಷಿನಿಂದ ಅಲ್ಲೊಂದು ಇಲ್ಲೊಂದು ಚುಕ್ಕೆ.

ಫೋಟೋ ನೋಡಿ ಹೆಣ್ಣನ್ನು ಒಪ್ಪಿದವರು ಮದುವೆಯಾದ ಮೇಲೆ ಅವಳ ಕೆನ್ನೆಯ ಮಚ್ಚೆ ಕಂಡು ಸ್ಟುಡಿಯೋ ಬಾಗಿಲಿಗೆ ಬಂದು ಜಗಳ ಕಾಯ್ದದ್ದೂ ಉಂಟು. "ಮಚ್ಚೆ ಆಮೇಲೆ ಬಂದಿರಬೇಕು" ಎಂದು ಮಾಲೀಕ ಸಾಗಹಾಕಿದ್ದ. ಸತ್ತ ಮಕ್ಕಳ ಫೋಟೋಗಳೂ ಬರುತ್ತಿದ್ದವು. ಮುಚ್ಚಿದ ರೆಪ್ಪೆಯ ಮೇಲೆ ಮಾಮ ಕಣ್ಣು ಬರೆದುಕೊಟ್ಟರೆ ತಾಯಂದಿರು ಅದನ್ನು ಎದೆಗೊತ್ತಿಕೊಂಡು ಹೋಗುತ್ತಿದ್ದರು. ಬ್ರಷ್ಷಿನ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡುವುದು ಅವನ ಅಭ್ಯಾಸ. ಹಾಗಾಗಿ ನಾಲಿಗೆಯ ತುದಿ ಸದಾ ಕಪ್ಪು. "ನಿಂದು ಕರಿನಾಲಿಗೆ ಕಣಯ್ಯ, ಏನಾದ್ರೂ ಅಂದುಬಿಟ್ಟೀಯ, ಆಗಿಹೋಗುತ್ತೆ" ಎಂದು ಗೆಳೆಯ ಬೀಗದವನು ಛೇಡಿಸುತ್ತಿದ್ದ.

ಈ ಬೀಗದವನು ಮಾಮನ ಜೊತೆಗೇ ಆಡಿ ಬೆಳೆದವನು. ಬಟ್ಟೆ ಮಂಡಿ ಕಟ್ಟಡದ ಎತ್ತರವಾದ ಪಕ್ಕದ ಗೋಡೆಗೆ ಒರಗಿಕೊಂಡು ಅವನದೊಂದು ತಗಡಿನ ಗೂಡಂಗಡಿ. ಮುಂದೆ ಕೀಲಿ ಮಾಡುವ, ಬೀಗ ರಿಪೇರಿ ಮಾಡುವ ಕಟ್ಟೆ. ಹಿಂದೆ ಒಂದು ಮಂಚದಗಲದ ಜಾಗದಲ್ಲಿ ಸಂಸಾರ. ಅವನ ಅಜ್ಜ ಕಟ್ಟಿದ್ದಂತೆ. ಮಂಡಿಯ ಹಳೇ ಯಜಮಾನರು "ಇರು ಹೋಗು" ಅಂದ ಬಾಯಿಮಾತೊಂದೇ ಅದಕ್ಕಿದ್ದ ದಾಖಲೆ.

ಐವತ್ತು ವರ್ಷದ ಹಿಂದೆ ಬೀದಿಯ ವರ್ತಕರ ಸಂಘದವರು ಕ್ಯಾಲೆಂಡರ್ ಮಾಡಿಸಲು ಹೊರಟರು. ಬೀದಿ ಈ ತುದಿಯಿಂದ ಆ ತುದಿಯವರೆಗೆ ಕಾಣುವ ಒಂದು ಫೋಟೋ ಬೇಕಾಯಿತು. ಬೆಳಗಿನ ಮಬ್ಬು ಬೆಳಕಿನಲ್ಲಿ ಮಾಲೀಕ ಕ್ಯಾಮೆರಾ ನಿಲ್ಲಿಸಿ, ತಾನು ಹತ್ತು ಎಣಿಸುವವರೆಗೆ ಯಾರೂ ಅಲುಗಾಡಬಾರದು ಎಂದು ಕೂಗಿ ಹೇಳಿದ. ಬೀಗದವನ ಆರು ವರ್ಷದ ಮಗಳು ಹೊಸ ಫ್ರಾಕು ಹಾಕಿಕೊಂಡು ಗೂಡಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿದ್ದ ಕೀಲಿಗೊಂಚಲು ಸದ್ದು ಮಾಡೀತೆಂದು ಅದನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡಿದ್ದಳು. ಮಾಲೀಕ ಹತ್ತು ಎಣಿಸಿ ಮುಗಿಸಿದ ಮೇಲೂ ಆ ಮಗು ಉಸಿರು ಬಿಟ್ಟಿರಲಿಲ್ಲ. ಮಾಮ ಪಕ್ಕದಲ್ಲೇ ನಿಂತು ನೋಡಿದ್ದ.

ಪ್ಲೇಟು ತೊಳೆದು ನೋಡಿದಾಗ ಮಾಲೀಕ ಮುಖ ಸಿಂಡರಿಸಿದ.

"ಇದೇನಯ್ಯ, ಒಳ್ಳೇ ಮುಖದ ಮೇಲೆ ನರಹುಲಿ ಎದ್ದ ಹಾಗೆ ಈ ಗೂಡು! ಸಂಘದವರು ಒಪ್ಪಲ್ಲ. ತೆಗೆದುಬಿಡು."

ಮಾಮನಿಗೆ ಸಂಕೋಚ ಆಗಲಿಲ್ಲವೇ ಎಂದರೆ, ಆಯಿತು. ಆದರೆ ಕೆಲಸ ಕೈಗೆ ಹತ್ತಿದ ಮೇಲೆ ಸಂಕೋಚ ಎಷ್ಟು ಹೊತ್ತು ಇದ್ದೀತು? ಮೂರು ದಿನ ಕೂತ. ತಗಡು ಹೋಯಿತು, ಕಟ್ಟೆ ಹೋಯಿತು, ನೇತುಹಾಕಿದ ಬೀಗಗಳು ಒಂದೊಂದೇ ಹೋದವು. ಅವುಗಳ ಜಾಗದಲ್ಲಿ ಇಟ್ಟಿಗೆಯ ಸಾಲು ಬಂತು. ಮೇಲಿನ ಗೋಡೆಯಲ್ಲಿದ್ದ ಬಿರುಕನ್ನು ಕೆಳಗಿನವರೆಗೂ ಎಳೆದು ತಂದ. ಕೊನೆಗೆ ಉಳಿದದ್ದು ಹುಡುಗಿ. ಅವಳನ್ನು ಕಾಲಿನಿಂದ ಶುರುಮಾಡಿ ಮೇಲಕ್ಕೆ ಅಳಿಸುತ್ತ ಬಂದ. ಪ್ರಿಂಟು ತೆಗೆದು, ಅದಕ್ಕೂ ಬ್ರಷ್ಷು ಆಡಿಸಿ, ಆ ಪ್ರಿಂಟನ್ನೇ ಮತ್ತೊಮ್ಮೆ ಫೋಟೋ ತೆಗೆದರು. ಈಗ ಬೆರಳಾಡಿಸಿ ನೋಡಿದರೂ ಟಚಿಂಗ್‌ನ ಸುಳಿವಿಲ್ಲ. "ಇದಪ್ಪಾ ಕೆಲಸ!" ಎಂದು ಮಾಲೀಕ ಬೆನ್ನು ತಟ್ಟಿದ. ಮಾಮ ಉಬ್ಬಿಹೋದ. ಸುಳ್ಳೇಕೆ ಹೇಳಬೇಕು, ಅವನ ಜೀವಮಾನದಲ್ಲೇ ಅಂಥ ಕೆಲಸ ಇನ್ನೊಂದಿಲ್ಲ.

ಫೋಟೋ ಸ್ಟುಡಿಯೋದ ಗಾಜಿನ ಕಪಾಟಿಗೆ ಬಂದ ದಿನ ಹುಡುಗಿ ಓಡಿಬಂದಳು. ಮೂಗನ್ನು ಗಾಜಿಗೆ ಒತ್ತಿ ಹುಡುಕಿದ್ದೇ ಹುಡುಕಿದ್ದು.

"ಮಾಮ, ನಾನೆಲ್ಲಿ?"

ಮಾಮನ ಬಾಯಿಗೆ ಸಿಕ್ಕಿದ್ದು ಒಂದೇ ಮಾತು. "ನೀನು ಅಲುಗಾಡಿಬಿಟ್ಟೆ ಪುಟ್ಟಿ. ಅಲುಗಾಡಿದವರು ಫೋಟೋದಲ್ಲಿ ಬರೋದಿಲ್ಲ."

"ನಮ್ಮಂಗಡೀನೂ ಅಲುಗಾಡ್ತಾ?"

"ತಗಡಲ್ವಾ, ಗಾಳಿಗೆ."

ಸಂಜೆ ಬೀಗದವನು ಬಂದ. ಫೋಟೋ ನೋಡಿದ. ಅವನೇನು ಮಗುವೇ? "ಮಾಲೀಕ ಹೇಳಿದ, ನೀನು ಮಾಡಿದೆ. ಹೋಗ್ಲಿ ಬಿಡು" ಎಂದ. ಆಮೇಲೆ ದನಿ ತಗ್ಗಿಸಿ ಹೇಳಿದ: "ಮಗು ಹತ್ತಿರ ಮಾತ್ರ ನಿಜ ಹೇಳಬೇಡ. ನಾವಿರೋದು ಯಾರಿಗೋ ಬೇಡ ಅಂತ ಅದಕ್ಕೆ ಈಗಲೇ ಯಾಕೆ ಗೊತ್ತಾಗಬೇಕು? ಅಲುಗಾಡಿದೆ ಅಂತಲೇ ಅಂದುಕೊಂಡಿರಲಿ."

ಬೀಗ ಮಾಡುವವನು ಹಾಕಿದ ಬೀಗ. ಮಾಮನ ಬಾಯಿ ಐವತ್ತು ವರ್ಷ ತೆರೆಯಲಿಲ್ಲ.

ಹುಡುಗಿ ಅದನ್ನು ನಂಬಿಯೇ ಬೆಳೆದಳು. ಕೈ ತಪ್ಪಿ ಏನಾದರೂ ಬಿದ್ದರೆ, "ನಾನು ಮೊದಲಿಂದಲೂ ಹೀಗೇ, ಒಂದು ಕಡೆ ನೆಟ್ಟಗೆ ನಿಲ್ಲೋಳಲ್ಲ" ಎಂದು ತನ್ನನ್ನೇ ಬೈದುಕೊಳ್ಳುವಳು. ಅಪ್ಪ ಸತ್ತ ಮೇಲೆ ಕಟ್ಟೆಯ ಮೇಲೆ ಅವಳೇ ಕೂತು ಬೀಗದವಳಾದಳು. ಅರ ಹಿಡಿದು ಕೀಲಿ ಉಜ್ಜಲು ಕೂತರೆ ತೋಳು ಬಿಟ್ಟು ಮೈಯಲ್ಲಿ ಬೇರೇನೂ ಕದಲುತ್ತಿರಲಿಲ್ಲ. ಇತ್ತ ಮಾಲೀಕ ಹೋದ, ಸ್ಟುಡಿಯೋ ಮುಚ್ಚಿತು, ಮಾಮನ ಹೆಂಡತಿಯೂ ತೀರಿಕೊಂಡಳು. ಸ್ಟುಡಿಯೋ ಹಿಂದಿನ ಅದೇ ಕೋಣೆಯಲ್ಲಿ ಮಾಮ ಉಳಿದ. ಬೀಗದವಳು ದಿನಾ ಮಧ್ಯಾಹ್ನ ಅವನಿಗೆ ಊಟದ ಡಬ್ಬಿ ತಂದಿಡುತ್ತಿದ್ದಳು. ಹೀಗೆ ಹನ್ನೊಂದು ವರ್ಷ. ಪ್ರತಿ ಸಲ ಡಬ್ಬಿಯ ಮುಚ್ಚಳ ತೆಗೆಯುವಾಗ ಇವತ್ತು ಹೇಳಿಬಿಡಬೇಕು ಅಂದುಕೊಳ್ಳುವನು. ಉಂಡು, ತೊಳೆದು, ವಾಪಸು ಕೊಡುವನು.

ಹೀಗಿರುವಾಗ ಬೀದಿಗೆ ಭಾಗ್ಯ ಒದಗಿಬಂತು. ಇದು ಐತಿಹಾಸಿಕ ಬೀದಿ, ಇದನ್ನು ಹಿಂದೆ ಹೇಗಿತ್ತೋ ಹಾಗೆ ಮಾಡಬೇಕೆಂದು ಒಂದು ಸಮಿತಿ ಆಯಿತು. ಹಿಂದೆ ಹೇಗಿತ್ತು? ಫೋಟೋ ಇದೆಯಲ್ಲ! ಕ್ಯಾಲೆಂಡರಿನ ಆ ಫೋಟೋವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ಸಮಿತಿಯ ಕಚೇರಿಯಲ್ಲಿ ತೂಗುಹಾಕಿದರು. ಅದರಲ್ಲಿ ಇದ್ದದ್ದು ಉಳಿಯತಕ್ಕದ್ದು. ಇಲ್ಲದ್ದು ಆಮೇಲೆ ಬಂದದ್ದು, ಹೋಗತಕ್ಕದ್ದು. ಗೂಡಂಗಡಿಯ ತಗಡಿಗೆ ನೋಟಿಸು ಅಂಟಿಸಿ ಹೋದರು.

ಹಳಬರ ನೆನಪುಗಳನ್ನು ಬರೆದುಕೊಳ್ಳಲು ಒಂದು ಸಭೆಯೂ ನಡೆಯಿತು. ಫೋಟೋ ಮುಂದೆ ಕುರ್ಚಿ ಹಾಕಿ, ಮಾಮನನ್ನೂ ಸೇರಿಸಿ ಮುದುಕರನ್ನೆಲ್ಲ ಕೂರಿಸಿದರು. ಬೀಗದವಳು ಎದ್ದು, ತನ್ನ ಅಜ್ಜನಪ್ಪನ ಕಾಲದಿಂದಲೂ ಅಂಗಡಿ ಅಲ್ಲೇ ಇದೆ ಎಂದಳು. ಸಮಿತಿಯ ಅಧಿಕಾರಿ ಫೋಟೋ ಕಡೆ ಕೈ ತೋರಿಸಿದ. ದರ್ಜಿ ತಾತ ಕನ್ನಡಕ ಏರಿಸಿ ನೋಡಿದ. ಪುಣ್ಯಾತ್ಮ ಆ ಗೂಡಿನಲ್ಲಿ ಹತ್ತು ಸಲವಾದರೂ ಕೀಲಿ ಮಾಡಿಸಿದವನು. "ಇಲ್ಲಮ್ಮ, ಅಲ್ಲಿ ಬರೀ ಗೋಡೆ ಇತ್ತು. ನನಗೆ ಚೆನ್ನಾಗಿ ನೆನಪಿದೆ, ಒಂದು ಬಿರುಕು ಬೇರೆ ಇತ್ತು" ಎಂದುಬಿಟ್ಟ. ಉಳಿದವರೂ ಹೌದು ಹೌದು ಎಂದು ತಲೆ ಆಡಿಸಿದರು. ತಾನು ಬ್ಲೇಡಿನಿಂದ ಎಳೆದ ಬಿರುಕು ಇವರ ತಲೆಯೊಳಗೆ ಇಳಿದದ್ದು ಯಾವಾಗ ಎಂದು ಮಾಮ ಒಬ್ಬೊಬ್ಬರ ಮುಖವನ್ನೇ ನೋಡಿದ.

"ನಾನೂ ಅವತ್ತು ಅಲ್ಲೇ ನಿಂತಿದ್ದೆ ಸಾರ್. ಅಲುಗಾಡಿಬಿಟ್ಟೆ, ಅದಕ್ಕೇ ಬಂದಿಲ್ಲ" ಎಂದಳು ಬೀಗದವಳು. ಸಭೆ ನಕ್ಕಿತು.

ಮಾಮ ಅಲ್ಲಿ ಏಳಲಿಲ್ಲ. ಐವತ್ತಾರರ ಹೆಂಗಸು ನಗೆಪಾಟಲಾಗಿ ಕೂತಾಗಲೂ ಏಳಲಿಲ್ಲ. ಇದನ್ನು ಮುಚ್ಚಿಟ್ಟು ಅವನ ಕಥೆ ಹೇಳಿದರೆ ಅದೂ ಒಂದು ಟಚಿಂಗ್ ಆದೀತು. ಮರುದಿನ ಬೆಳಿಗ್ಗೆ ಒಬ್ಬನೇ ಕಚೇರಿಗೆ ಹೋದ.

"ಸಾರ್, ಅಂಗಡಿ ಇತ್ತು. ನಾನೇ ಅಳಿಸಿದ್ದು."

ಅಧಿಕಾರಿ ಕೆಟ್ಟವನಲ್ಲ. ಕುರ್ಚಿ ಕೊಟ್ಟ, ಕುಡಿಯಲು ನೀರು ಕೊಟ್ಟ. "ಎಲ್ಲಿ ತಾತ, ತೋರಿಸಿ" ಎಂದು ಭೂತಗನ್ನಡಿಯನ್ನೂ ಕೊಟ್ಟ. ಮಾಮ ಫೋಟೋಗೆ ಮೂಗು ತಾಗಿಸಿ ನಿಂತ. ಒಂದು ಇಟ್ಟಿಗೆ ಸೊಟ್ಟಗಿದ್ದರೆ ಸಾಕು, ಒಂದು ನೆರಳು ತಪ್ಪಾಗಿ ಬಿದ್ದಿದ್ದರೆ ಸಾಕು. ತನ್ನ ಕೈ ಎಲ್ಲಾದರೂ ತಪ್ಪಿರಲಿ ದೇವರೇ ಎಂದು ಬೇಡಿಕೊಳ್ಳುತ್ತ ಸಾಲು ಸಾಲಾಗಿ ಇಟ್ಟಿಗೆ ಎಣಿಸಿದ. ಎಲ್ಲೂ ತಪ್ಪಿರಲಿಲ್ಲ.

"ಮೂಲ ಪ್ಲೇಟು ಇದೆಯಾ?"

ಎಲ್ಲಿಂದ ಬರಬೇಕು? ವರ್ಷಕ್ಕೊಮ್ಮೆ ಹಳೇ ಪ್ಲೇಟುಗಳನ್ನು ಬಿಸಿನೀರು, ಸೋಡಾ ಹಾಕಿ ಉಜ್ಜಿ, ಆ ಗಾಜನ್ನೇ ಫೋಟೋಗಳಿಗೆ ಕಟ್ಟು ಹಾಕಲು ಬಳಸುವುದು ಸ್ಟುಡಿಯೋದ ಪದ್ಧತಿ. ಉಜ್ಜುತ್ತಿದ್ದವನೂ ಮಾಮನೇ.

"ಹಾಗಾದ್ರೆ ಮಾಡಿ ತೋರಿಸ್ತೀನಿ" ಎಂದ. "ಇದರದೇ ಒಂದು ಪ್ರಿಂಟು ಕೊಡಿ. ಆ ಮೂಲೆಮನೆ ಬಾಲ್ಕನಿ ಅಳಿಸಿ ತರ್ತೀನಿ. ಗೊತ್ತಾಗದ ಹಾಗೆ ಅಳಿಸೋಕೆ ಆಗುತ್ತೆ ಅಂತ ನೀವೇ ಒಪ್ಪಿಕೊಳ್ತೀರ." ಅಧಿಕಾರಿ ಒಪ್ಪಿ ಒಂದು ವಾರ ಕೊಟ್ಟ.

ಕಿಟಕಿಯೂ ಅದೇ, ಮೇಜೂ ಅದೇ. ಕೈ ಮಾತ್ರ ಎಪ್ಪತ್ತೆಂಟು ವರ್ಷದ್ದು. ಬಲಗಣ್ಣಿಗೆ ಪೊರೆ. ಬ್ರಷ್ಷನ್ನು ನಾಲಿಗೆಗೆ ತಾಗಿಸಲು ಹೋದರೆ ಗಲ್ಲಕ್ಕೆ ತಗಲುತ್ತಿತ್ತು. ಚುಕ್ಕೆ ಇಡಲು ಹೋದಲ್ಲಿ ಗೀರು ಬೀಳುತ್ತಿತ್ತು. ಮಣಿಕಟ್ಟಿನ ಕೆಳಗೆ ಪುಸ್ತಕ ಇಟ್ಟುಕೊಂಡ, ಎಡಗೈಯಿಂದ ಬಲಗೈ ಹಿಡಿದ. ಮಧ್ಯಾಹ್ನ ಡಬ್ಬಿ ತಂದ ಬೀಗದವಳು ಬಾಗಿಲಲ್ಲೇ ನಿಂತು ಖುಷಿಪಟ್ಟಳು. "ಏನ್ ಮಾಮ, ಈ ವಯಸ್ಸಲ್ಲಿ ಮತ್ತೆ ಕೆಲಸ ಹಿಡಿದ್ರಾ!" ಅವನು ತಲೆಯೆತ್ತದೆ ಹೂಂ ಎಂದ. ಅನ್ನ ಆರಿತು.

ವಾರ ಕಳೆದು ಕರೆದಾಗ ನೋಟಿಸಿಗೆ ತಕರಾರು ಅರ್ಜಿ ಕೊಟ್ಟವಳೆಂದು ಬೀಗದವಳನ್ನೂ ಕರೆದಿದ್ದರು. ಮಾಮ ಪ್ರಿಂಟನ್ನು ಮೇಜಿನ ಮೇಲಿಟ್ಟ. ಬಾಲ್ಕನಿ ಇದ್ದ ಕಡೆ ಮೋಡ ಕವಿದಂತೆ ಒಂದು ಕಂದು ಕಲೆ. ಕೂತಲ್ಲಿಂದಲೇ ಕಾಣುತ್ತಿತ್ತು.

ಅಧಿಕಾರಿ ಬೇಸರದಿಂದಲೇ ಹೇಳಿದ. "ತಾತ, ಇದರಲ್ಲಿ ಅಳಿಸಿದ್ದು ಗೊತ್ತಾಗುತ್ತೆ. ಆ ಫೋಟೋದಲ್ಲಿ ಗೊತ್ತಾಗಲ್ಲ. ಅಂದ ಮೇಲೆ ಅಲ್ಲಿ ಅಳಿಸಿಲ್ಲ ಅಂತಲೇ ಅಲ್ವಾ?" ಆಮೇಲೆ ಬೀಗದವಳ ಕಡೆ ತಿರುಗಿದ. "ನಿಮ್ಮ ಅಂಗಡಿನೂ ನಿಮ್ಮನ್ನೂ ಇವರೇ ಅಳಿಸಿದ್ರಂತೆ. ನಿಮ್ಮ ಮೇಲಿನ ಪ್ರೀತಿಗೆ ಹೇಳ್ತಿದಾರೆ, ಪಾಪ."

ಅವಳು ಮಾಮನ ಮುಖ ನೋಡಿದಳು. ಪ್ರೀತಿಗೆ ಹೇಳುವ ಸುಳ್ಳು ಯಾವುದು, ನಿಜ ಯಾವುದು ಎಂಬುದು ಆ ಮುಖದ ಮೇಲೆ ಬರೆದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಎದ್ದು ಹೋದಳು. ಮರುದಿನದಿಂದ ಡಬ್ಬಿ ಬರಲಿಲ್ಲ.

ಗೂಡಂಗಡಿ ಕೆಡವಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಬೀಗದವಳು ಕೊಕ್ಕೆಗಳಿಂದ ಕೀಲಿಗಳನ್ನೆಲ್ಲ ಬಿಡಿಸಿ ಅಪ್ಪನ ಟ್ರಂಕಿಗೆ ತುಂಬಿ, ಒಂದು ಗೊಂಚಲನ್ನು ಮಾತ್ರ ಕೈಯಲ್ಲಿಟ್ಟುಕೊಂಡು ಎದುರು ಜಗಲಿಯ ಮೇಲೆ ಕೂತಿದ್ದಳು. ಮಾಮ ದೂರದಲ್ಲಿ ಕೋಲೂರಿ ನಿಂತಿದ್ದ. ಕೊನೆಯ ತಗಡು ಬಿದ್ದು ಧೂಳು ಇಳಿದಾಗ ಹಿಂದಿನ ಗೋಡೆ ಕಂಡಿತು.

ಅಲ್ಲಿ ಇಟ್ಟಿಗೆಯ ಸಾಲಿರಲಿಲ್ಲ. ಬಿರುಕೂ ಇರಲಿಲ್ಲ. ಕಲ್ಲಿನ ಕಮಾನಿನ ದೊಡ್ಡದೊಂದು ಕಿಟಕಿ, ಯಾವ ಕಾಲದಲ್ಲೋ ಕಲ್ಲು ತುಂಬಿ ಮುಚ್ಚಿದ್ದು. ತಲೆಮಾರುಗಳಿಂದ ಗೂಡಂಗಡಿಯ ಹಿಂಬದಿಯ ತಗಡು ಅದನ್ನು ಮರೆಮಾಡಿತ್ತು. ಆ ಗೂಡಿನ ಹಿಂದೆ ಏನಿದೆಯೆಂದು ಮಾಮನೂ ಕಂಡವನಲ್ಲ. ಕಾಣದೆಯೇ ಇಟ್ಟಿಗೆ ಬರೆದಿದ್ದ.

"ಸಾರ್! ನೋಡಿ ಸಾರ್!" ಕೆಡವಿಸುತ್ತ ನಿಂತಿದ್ದ ಅಧಿಕಾರಿಯ ಕಡೆಗೆ ಮಾಮ ಬಿದ್ದು ಎದ್ದು ಓಡಿದ. "ಫೋಟೋದಲ್ಲಿ ಈ ಕಿಟಕಿ ಇಲ್ಲ! ಎಲ್ಲಿದೆ ಹೇಳಿ? ಅದು ಗೋಡೆ ಅಲ್ಲ ಸಾರ್, ನಾನು ಬರೆದದ್ದು!"

ಅಧಿಕಾರಿ ಕೈಯಲ್ಲಿದ್ದ ಫೋಟೋವನ್ನೂ ಗೋಡೆಯನ್ನೂ ನೋಡಿದ. ಮತ್ತೆ ನೋಡಿದ. ಅವನ ಮುಖ ಸಣ್ಣದಾಯಿತು.

"ಅಂಗಡಿ ಬಿದ್ದಾಯ್ತಲ್ಲ ತಾತ" ಎಂದ ಮೆಲ್ಲಗೆ. ಮೇಲಿನವರು ಬಂದು ನೋಡುವುದು ನಾಡಿದ್ದೇ ಇತ್ತು. ಗಾರೆಯವನನ್ನು ಕರೆದು ಫೋಟೋ ಅವನ ಕೈಗೆ ಕೊಟ್ಟು, "ಇದರಲ್ಲಿ ಹೇಗಿದೆಯೋ ಹಾಗೆ ಮಾಡಿಬಿಡು" ಎಂದು ಕಾರು ಹತ್ತಿದ.

ಗಾರೆಯವನು ಕಿಟಕಿಯ ಮೇಲೆ ಗಾರೆ ಮೆತ್ತಿ ಸಮ ಮಾಡಿದ. ಹಸಿಯಿರುವಾಗಲೇ ಕರಣೆಯ ಮೂಲೆಯಿಂದ ಇಟ್ಟಿಗೆಯ ಗೆರೆಗಳನ್ನು ಎಳೆದ. ಆಗಾಗ ಫೋಟೋ ನೋಡಿಕೊಂಡು, ಕೊನೆಗೆ ಬಿರುಕನ್ನೂ ಕೊರೆದ. ಹುಷಾರಾದ ಕೆಲಸಗಾರ. ಮಾಮನಿಗೆ ಅದು ನೋಡಿದೊಡನೆ ಗೊತ್ತಾಯಿತು.

ಬೀಗದವಳು ಜಗಲಿಯಿಂದ ಇಳಿದು ಬಂದು ಮಾಮನ ಪಕ್ಕ ನಿಂತಳು. ಅಂಗಡಿಯ ಮಾತೆತ್ತಲಿಲ್ಲ. ಎದೆಗೆ ಅವುಚಿಕೊಂಡ ಕೀಲಿಗೊಂಚಲು ಸ್ವಲ್ಪವೂ ಸದ್ದು ಮಾಡುತ್ತಿರಲಿಲ್ಲ.

"ಮಾಮ, ಅವತ್ತು ನಾನು ಅಲುಗಾಡಿರಲಿಲ್ಲ, ಅಲ್ವಾ?"

"ಇಲ್ಲ ಪುಟ್ಟಿ" ಎಂದ ಮಾಮ. "ಉಸಿರು ಕೂಡ ಬಿಟ್ಟಿರಲಿಲ್ಲ ನೀನು."