ಸತ್ಯವ್ವ ಆರಿಸಿದ ಮಷಿನ್ನು

ಸವದತ್ತಿ ಬಸ್ ನಿಲ್ದಾಣದ ಹಿಂದಿನ ಲಾಡ್ಜಿನ ನೆಲವನ್ನು ಇಪ್ಪತ್ತಾರು ವರ್ಷ ಆಳಿದವಳು ಸತ್ಯವ್ವ. ಆಳಿದವಳು ಎಂದೇ ಬರೆಯಬೇಕು. ಹಾಲ್ ಒಂದು, ಕೋಣೆ ಹದಿನಾಲ್ಕು, ಮೆಟ್ಟಿಲು ಇಪ್ಪತ್ತೆರಡು. ಇಷ್ಟು ಸಾಮ್ರಾಜ್ಯಕ್ಕೆ ಆಕೆಯೇ ದೊರೆ, ಆಕೆಯೇ ಸೈನ್ಯ. ಶತ್ರು ಒಂದೇ: ಭಂಡಾರ. ಗುಡ್ಡದ ಮೇಲೆ ಎಲ್ಲಮ್ಮನಿಗೆ ಎರಚಿದ ಅರಿಶಿನ ಪುಡಿ ಭಕ್ತರ ತಲೆ, ಹೆಗಲು, ಸೆರಗುಗಳನ್ನೇರಿ ಬಂದು ಲಾಡ್ಜಿನ ಬಿಳಿ ಟೈಲ್ಸಿನ ಮೇಲೆ ಬೀಳುತ್ತಿತ್ತು. ನೀರು ತಾಗಿದರೆ ನೆಲವೆಲ್ಲ ಹಳದಿ. ಸೋಪು ತಾಗಿತೋ, ಶಿವ ಶಿವಾ, ರಕ್ತಗೆಂಪು.

ಅದಕ್ಕೇ ಸತ್ಯವ್ವ ನಸುಕಿನ ಐದಕ್ಕೆ ಬಂದು, ಭಂಡಾರವನ್ನು ಒಣ ಅರಿವೆಯಲ್ಲಿ ಮೆಲ್ಲಗೆ ಎತ್ತಿ, ದೇವರ ವಸ್ತುವೆಂದು ಬೇವಿನ ಬುಡಕ್ಕೆ ಹಾಕಿ, ಆಮೇಲೆ ನೀರು ಮುಟ್ಟುತ್ತಿದ್ದಳು. ಎಂಟಕ್ಕೆ ಬರುವ ಮಾಲೀಕ ನಿಜಗುಣಪ್ಪನವರ ಕಣ್ಣಿಗೆ ಬೀಳುತ್ತಿದ್ದದ್ದು ಒರೆಸುವ ಸತ್ಯವ್ವ ಮಾತ್ರ. ಅದಕ್ಕೂ ಮೊದಲಿನ ಒಣ ಯುದ್ಧವನ್ನು ಅವರು ಕಂಡಿರಲಿಲ್ಲ. ಆಕೆ ಹೇಳಿರಲೂ ಇಲ್ಲ. ಮೊಣಕಾಲು ಸವೆದಿದ್ದವು. ಗಂಡ ಲಕ್ವ ಹೊಡೆದು ಮಲಗಿ ಮೂರು ವರ್ಷವಾಗಿತ್ತು. ಆ ಮನೆಯ ಒಲೆ ಉರಿಯುತ್ತಿದ್ದದ್ದು ಈ ನೆಲದಿಂದಲೇ.

ಒಂದು ದಿನ ಯಾರೋ ಗಿರಾಕಿ ಮೊಬೈಲಿನಲ್ಲಿ ಲಾಡ್ಜಿಗೆ ಎರಡೇ ಸ್ಟಾರ್ ಕೊಟ್ಟ. ನಿಜಗುಣಪ್ಪನವರ ಕ್ಷಾತ್ರತೇಜ ಕೆರಳಿತು. ಬೈಲಹೊಂಗಲದ ಅಂಗಡಿಯಿಂದ ಫಿರದೋಸ್ ಎಂಬ ಹುಡುಗಿ ನೆಲ ಗುಡಿಸಿ ಒರೆಸುವ ಎರಡು ರೋಬೋಟುಗಳನ್ನು ಪರೀಕ್ಷೆಗೆಂದು ತಂದಳು. ಒಂದು, ಅರಮನೆಯಂಥ ಗೂಡಿನಲ್ಲಿ ಕೂತ ದುಬಾರಿ ಚಕ್ರವರ್ತಿ. ಇನ್ನೊಂದು, ತಟ್ಟೆಯಷ್ಟೇ ಇದ್ದ ಮಧ್ಯಮ ದರದ ಸಾಮಂತ.

“ದೊಡ್ಡದು ತಾನ ಕಸಾ ಉಗುಳತೈತಿ, ತಾನ ಅರಿವಿ ತೊಳ್ಕೋತೈತಿ, ತಾನ ಒಣಗಿಸ್ಕೋತೈತಿ ನೋಡ್ರಿ ಸತ್ಯಕ್ಕಾ,” ಎಂದಳು ಫಿರದೋಸ್.

“ನಮ್ಮ ಶಟ್ಟೆಪ್ಪಗಿಂತ ಶ್ಯಾಣ್ಯಾ ಐತಿ ಬಿಡ ಯವ್ವಾ,” ಎಂದಳು ಸತ್ಯವ್ವ. ಕೌಂಟರಿನಲ್ಲಿದ್ದ ಗುಮಾಸ್ತ ಶಟ್ಟೆಪ್ಪ ಮುಖ ಗಂಟಿಕ್ಕಿದ.

“ಸಣ್ಣದಕ್ಕ ಒಬ್ರು ಬೇಕ್ರಿ. ಅರಿವಿ ಕೈಲೆ ಒಗೀಬೇಕು, ಬ್ರಶ್ಶಿನಾಗಿನ ಕೂದಲಾ ಕೈಲೆ ತಗೀಬೇಕು.”

ಸತ್ಯವ್ವನ ನಗು ಅಲ್ಲೇ ನಿಂತಿತು. ದೊಡ್ಡದು ಬಂದರೆ ತಾನು ಮನೆಗೆ. ಸಣ್ಣದು ಬಂದರೆ ತಾನೂ ಉಳಿದಂತೆ.

“ಈ ನೆಲಾ ನಿನಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲಬೇ,” ಎಂದರು ನಿಜಗುಣಪ್ಪ. “ನೀ ಹೂಂ ಅಂದದ್ದನ್ನ ತಗೋತೇನಿ.” ಕುರಿಗೇ ಕತ್ತಿ ಆರಿಸುವ ಮರ್ಯಾದೆ ಕೊಟ್ಟ ಉದಾರಿ ಅವರು.

ಮಂಗಳವಾರ, ಗುಡ್ಡದ ಗದ್ದಲದ ದಿನ, ಚಕ್ರವರ್ತಿಯ ದಂಡಯಾತ್ರೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಸತ್ಯವ್ವ ಒಣ ಅರಿವೆ ಮುಟ್ಟಲಿಲ್ಲ. ಫಿರದೋಸ್ ಸೋಪಿನ ನೀರು ತುಂಬಿ ಗುಂಡಿ ಒತ್ತಿದಳು. ಮುಂದಿನ ಬಾಯಿ ಅರ್ಧ ಭಂಡಾರವನ್ನು ನುಂಗಿತು, ಉಳಿದರ್ಧವನ್ನು ಹಿಂದಿನ ಒದ್ದೆ ಅರಿವೆ ಗೋಡೆಯಿಂದ ಗೋಡೆಗೆ ಬಳಿಯಿತು. ಹಾಲ್ ರಣರಂಗವಾಯಿತು. ರಾಮದುರ್ಗದ ಮುದುಕಿಯೊಬ್ಬಳು ಬಾಗಿಲು ತೆರೆದವಳೇ “ಯಾರನ್ನ ಕಡದ್ರೋ ಯಪ್ಪಾ!” ಎಂದು ಚೀರಿ ಕುಸಿದಳು.

ಶುಕ್ರವಾರವೂ ಅಷ್ಟೇ ಜನ. ಅಂದು ಸತ್ಯವ್ವ ನಾಲ್ಕಕ್ಕೇ ಬಂದು, ಗೋಡೆ ಹಿಡಿದು ಕೂತು, ಗೋಡೆ ಹಿಡಿದು ಎದ್ದು, ಭಂಡಾರದ ಕಣ ಕಣವನ್ನೂ ಎತ್ತಿದಳು. ಎಂಟಕ್ಕೆ ಸಾಮಂತ ಗಿರಗಿರ ತಿರುಗಿ ಬರೀ ನೀರು ಒರೆಸಿತು. ನೆಲ ಕನ್ನಡಿಯಾಯಿತು.

“ಸಣ್ಣದ ಛಲೋ ಐತ್ರಿ ಸಾವ್ಕಾರ್ರ,” ಎಂದಳು ಸತ್ಯವ್ವ. “ಅದರ ಅರಿವಿ ಒಗಿಯಾಕ ನಾ ಇರತೇನಿ.”

“ಅಂಗೈಯಷ್ಟ ಅರಿವಿ ಒಗಿಯಾಕ ನೀ ಯಾಕಬೇ? ಶಟ್ಟೆಪ್ಪ ಒಗೀತಾನ, ಮೆಟ್ಟಲಾನೂ ಅವನ ಒರಸತಾನ.”

“ನಾನ್ರಿ?” ಎಂದ ಶಟ್ಟೆಪ್ಪ.

“ನೀನಲೇ. ಇಷ್ಟ ಸಣ್ಣದು ಒಂದ ಇಷ್ಟ ಕೆಲಸಾ ಮಾಡತೈತಿ. ಸತ್ಯವ್ವಾ, ನಿನ್ನ ಮೊಣಕಾಲ ನೋಡ್ಕೋ. ಇನ್ನ ಮನ್ಯಾಗ ಆರಾಮ ಇರು.”

ತಾನು ಹೆಣೆದ ಬಲೆ ಕೊರಳಿಗೇ ಬಿದ್ದದ್ದು ಆಕೆಗೆ ಆಗ ತಿಳಿಯಿತು. “ಅದು ಮಷಿನ್ ಮಾಡಿದ್ದಲ್ರಿ! ಭಂಡಾರ ನಸಿಕಿನ್ಯಾಗ ನಾ ಎತ್ತೇನ್ರಿ. ದಿನಾ ನಾನ ಎತ್ತತೇನ್ರಿ.”

“ದಿನಾ ಎತ್ತತಿ? ಹಂಗಾರ ಮಂಗಳವಾರ ಯಾಕ ಎತ್ತಲಿಲ್ಲ?”

ಸತ್ಯವ್ವ ಬಗ್ಗಿ, ಕನ್ನಡಿಯಂಥ ನೆಲವನ್ನೇ ಸೆರಗಿನಿಂದ ಮತ್ತೊಮ್ಮೆ ಒರೆಸಿದಳು.

“ಮಷಿನ್ ಮ್ಯಾಲ ಹೊಟ್ಟಿಕಿಚ್ಚೇನಬೇ ಈ ವಯಸ್ಸಿನ್ಯಾಗ?” ಎಂದು ನಕ್ಕರು ನಿಜಗುಣಪ್ಪ. ಒಂದು ಇಳಕಲ್ ಸೀರೆ ಕೊಟ್ಟು, ಕೈಮುಗಿದು, ಮೆಟ್ಟಿಲವರೆಗೂ ಬಂದು ಆಕೆಯನ್ನು ಕಳಿಸಿಕೊಟ್ಟರು.

ಮುಂದಿನ ಮಂಗಳವಾರ ಸಾಮಂತ ಹಾಲಿಗೂ ಹದಿನಾಲ್ಕು ಕೋಣೆಗಳಿಗೂ ಅರಿಶಿನ ಹಚ್ಚಿತು. ಅಗ್ಗದ್ದು ತಂದದ್ದೇ ತಪ್ಪೆಂದು ತೀರ್ಮಾನಿಸಿದ ನಿಜಗುಣಪ್ಪ ಅದನ್ನು ವಾಪಸು ಮಾಡಿ ಚಕ್ರವರ್ತಿಯನ್ನೇ ತರಿಸಿದರು. ಮತ್ತೆ ರಣರಂಗ. ಕೊನೆಗೆ ಬಿಳಿ ಟೈಲ್ಸನ್ನೇ ಕಿತ್ತೆಸೆದು ಲಾಡ್ಜಿಗೆಲ್ಲ ಕೆಂಪು ಟೈಲ್ಸ್ ಹಾಕಿಸಿದರು. ಈಗ ಅಲ್ಲಿ ಏನು ಚೆಲ್ಲಿದರೂ ಕಾಣುವುದಿಲ್ಲ. ಮೊಬೈಲಿನಲ್ಲಿ ನಾಲ್ಕು ಸ್ಟಾರ್.

ಗಾರೆಯವರು ನೆಲ ಅಗೆಯುತ್ತಿದ್ದಾಗ ಶಟ್ಟೆಪ್ಪ ಒಮ್ಮೆ ಬಾಯಿ ಬಿಟ್ಟನಂತೆ: “ಸತ್ಯವ್ವನ್ನ ಕರಸೂಣೇನ್ರಿ?”

“ಬ್ಯಾಡೋ, ಪಾಪ. ಆಕಿಗೆ ಈಗ ಕುಕ್ಕರಗಾಲಿಲೆ ಕೂಡಾಕ ಆಗೂದಿಲ್ಲ,” ಎಂದರಂತೆ ನಿಜಗುಣಪ್ಪ.

ಅಷ್ಟೊತ್ತಿಗೆ ಸತ್ಯವ್ವ ಮುರಗೋಡ ರಸ್ತೆಯ ಖಾನಾವಳಿಯೊಂದಕ್ಕೆ ಸೇರಿ ತಿಂಗಳಾಗಿತ್ತು. ಅಲ್ಲಿ ಮುಂಜಾನೆ ಹತ್ತರಿಂದ ಸಂಜೆ ಆರರವರೆಗೆ, ಹಿತ್ತಲ ನಳದ ಬುಡದಲ್ಲಿ, ಕುಕ್ಕರಗಾಲಿನಲ್ಲಿ ಕೂತು ಗಂಗಾಳ ತೊಳೆಯುತ್ತಾಳೆ.