ಕಾಲಿಂಗ್ ಬೆಲ್ ಮತ್ತು ಅಮ್ಮನ ಕೆಮ್ಮು

ಅಮ್ಮ ಬಾಗಿಲು ತಟ್ಟುವುದಿಲ್ಲ. ವಿಸಿಟ್ ವೀಸಾದಲ್ಲಿ ಗಲ್ಫಿನ ಫಹಾಹೀಲಿನ ನಮ್ಮ ಫ್ಲ್ಯಾಟಿಗೆ ಬಂದ ಮೇಲೂ ಅಷ್ಟೇ. ಕಸ ಹಾಕಲು ಹೊರಗೆ ಹೋದಾಗ ಬಾಗಿಲು ತಾನಾಗಿ ಮುಚ್ಚಿಕೊಂಡರೆ, ಬೆಲ್ ಒತ್ತದೆ ಪಕ್ಕಕ್ಕೆ ಸರಿದು ಕೆಮ್ಮುತ್ತಾಳೆ. ಅವಳಿಗೆ ಕೆಮ್ಮಿನ ಕಾಯಿಲೆಯೇನೂ ಇಲ್ಲ. ಚಿಕ್ಕಮಗಳೂರು ಕಡೆಯ ಕಾಫಿ ತೋಟದ ಬಂಗಲೆಯಲ್ಲಿ ಆಳುಗಳು ಹಿತ್ತಿಲಲ್ಲಿ ನಿಂತು ಕೆಮ್ಮಬೇಕಿತ್ತು, ಯಾರಾದರೂ ಹೊರಗೆ ಬರುವವರೆಗೆ ಕಾಯಬೇಕಿತ್ತು. ಅಜ್ಜ ಜೀತದಾಳು. ತೋಟ ಕೈಬದಲಾದಾಗ ಎತ್ತು, ಗಾಡಿಗಳ ಜೊತೆ ಅವನೂ ಹೊಸ ಧಣಿಯ ಪಾಲಾದ. ಅಮ್ಮ ಹುಟ್ಟಿದ್ದು, ನಾನು ಹುಟ್ಟಿದ್ದು ಅದೇ ತೋಟದ ಲೈನುಮನೆಯಲ್ಲಿ, ಗೋಡೆಗೆ ಗೋಡೆ ತಾಗಿದ ಒಂಟಿ ಕೋಣೆಗಳ ಸಾಲಿನಲ್ಲಿ.

ಆ ಕೆಮ್ಮು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಿಟ್ಟು ಅಮ್ಮನ ಮೇಲಲ್ಲ, ಕಲಿಸಿದವರ ಮೇಲೆ. ಅಜ್ಜಿಯನ್ನು ನೋಡಿ ನನ್ನ ಮಗಳೂ ಹೀಗೆ ಬದಿಗೆ ಸರಿಯುವುದನ್ನು ಕಲಿತುಬಿಟ್ಟರೆ ಎಂಬ ಭಯ ಬೇರೆ.

ಕಳೆದ ಶುಕ್ರವಾರ ಹತ್ತಿರದ ಎಗೈಲಾದಲ್ಲಿ ಪರಿಚಯದ ಕನ್ನಡದವರ ಮನೆಗೆ ಊಟಕ್ಕೆ ಹೋದೆವು. ಮನೆಯೊಡತಿ ಕಾಫಿ ತೋಟದವರ ಮಗಳು. ಅಲ್ಲೂ ಅಮ್ಮ ಬಾಗಿಲ ಬದಿಗೆ ನಿಂತು ಕೆಮ್ಮಿದಳು. ನಾನು ಬೆಲ್ಲಿನ ಮೇಲಿಟ್ಟ ಬೆರಳನ್ನು ಬಾಗಿಲು ತೆರೆಯುವವರೆಗೆ ತೆಗೆಯಲೇ ಇಲ್ಲ.

ಊಟವಾದ ಮೇಲೆ ಆಕೆ ಟೀವಿಯಲ್ಲಿ ತಮ್ಮ ಹಳೆಯ ಬಂಗಲೆಯ ಫೋಟೋ ತೋರಿಸಿದರು. ಅದೀಗ ಹೋಮ್‌ಸ್ಟೇ. ಲೈನುಮನೆಗಳಿಗೂ ಬಣ್ಣ ಬಳಿದು ಬಾಗಿಲಿಗೊಂದು ಹೂಕುಂಡ ಇಟ್ಟಿದ್ದರು. ನಮ್ಮದು ಬೇರೆ ತೋಟ, ಆದರೆ ಆ ತಗ್ಗು ಬಾಗಿಲು ಅದೇ. ಅಮ್ಮ ಎಲ್ಲಿಯವಳೆಂದು ಗೊತ್ತಿಲ್ಲದ ಆಕೆ ಅವಳತ್ತ ತಿರುಗಿದರು.

"ನಮ್ಮಲ್ಲಿ ಆಳುಗಳೆಲ್ಲ ಮನೆಯವ್ರ ಹಾಗೇ ಇದ್ರು ಆಂಟಿ."

ನಾನು ಬಾಯಿ ತೆರೆದೆ. ಅಮ್ಮ ಮೊಣಕೈ ಹಿಡಿದು ತಡೆದಳು. ಇನ್ನು ಇವಳು ತಲೆಯಾಡಿಸಿ ಸುಮ್ಮನಾಗುತ್ತಾಳೆ ಅಂದುಕೊಂಡೆ.

"ನಾನೂ ಇಂಥಾ ಲೈನಲ್ಲೇ ಹುಟ್ಟಿದ್ದು ಕಣವ್ವ," ಅಂದಳು. "ಮನೆಯೋರು ಹಿತ್ಲಲ್ಲಿ ನಿಂತು ಕೆಮ್ತಾರಾ?"

ತೋಟದ ಧಣಿ ಮನೆಯವರನ್ನು ಕರೆಯುವಂತೆ ಅಮ್ಮಾವ್ರೇ ಎನ್ನಲಿಲ್ಲ. ಆಕೆ ರಿಮೋಟ್ ಕೆಳಗಿಟ್ಟು ಪಾಯಸ ತರಲು ಎದ್ದರು. ಅಮ್ಮ ಸೋಫಾಗೆ ಒರಗಿ ಕೂತಳು. ನನ್ನ ಮಗಳು ಇಂಗ್ಲಿಷಿನಲ್ಲಿ ಒಂದೇ ಸಮ ಪ್ರಶ್ನೆ ಕೇಳತೊಡಗಿದಳು. ವಾಪಸ್ ಬರುವಾಗ ಕಾರಿನಲ್ಲಿ ಅಜ್ಜನ ಜೀತವನ್ನೂ ಸೇರಿಸಿ ಅವಳಿಗೆ ಎಲ್ಲ ಹೇಳಿದೆ. ಮುಚ್ಚಿಡಲು ನಾವೇನು ಕದ್ದಿದ್ದೆವಾ?

ನಮ್ಮ ಬಾಗಿಲ ಮುಂದೆ ನಾನು ಕೀ ಹುಡುಕುತ್ತಿದ್ದೆ. ಒಳಗೆ ಯಾರೂ ಇರಲಿಲ್ಲ. ಅದು ಗೊತ್ತಿದ್ದೂ ಅಮ್ಮ ಮುಂದೆ ಬಂದು ಬೆಲ್ ಒತ್ತಿದಳು, ಮಗಳು ಕಿವಿ ಮುಚ್ಚಿಕೊಳ್ಳುವಷ್ಟು ಹೊತ್ತು.