ಬಂಡಿ ಜಾಡಿನ ನೀರು

ನಾನು ಸೈಕಲ್ ಕಲಿತದ್ದು ದ್ರಾಕ್ಷಿ ಚಪ್ಪರದ ಕೆಳಗೆ. ಇದನ್ನು ನಿಮ್ಮ ಅಮ್ಮನಿಗೂ ಬಹಳ ವರ್ಷ ಹೇಳಿರಲಿಲ್ಲ. ಮದುವೆಯಾಗಿ ಜರಗನಹಳ್ಳಿಗೆ ಬಂದ ಎರಡನೆಯ ವರ್ಷ, ಹಣ್ಣಿನ ಬುಟ್ಟಿ ಕಟ್ಟಿಕೊಂಡು ಜಯನಗರದ ಮಾರುಕಟ್ಟೆಗೆ ಹೋಗಿಬರುತ್ತಿದ್ದ ಸೈಕಲ್ಲನ್ನು ನಿಮ್ಮ ತಾತ ಒಂದು ದಿನ ತೋಟದೊಳಗೆ ತಂದು ನಿಲ್ಲಿಸಿ, "ಇಲ್ಲಿ ಯಾರೂ ನೋಡಲ್ಲ, ಹತ್ತು" ಎಂದರು.

ಬೀದಿಯಲ್ಲಾಗಿದ್ದರೆ ನಾಚಿಕೆಯಿಂದಲೇ ಬಿದ್ದುಹೋಗುತ್ತಿದ್ದೆ. ಚಪ್ಪರದ ಕೆಳಗೆ ಆ ಭಯವಿಲ್ಲ. ಕಲ್ಲುಕಂಬಗಳಿಗೆ ತಂತಿ ಬಿಗಿದು ಬಳ್ಳಿ ಹಬ್ಬಿಸಿದ ಮೇಲೆ ಒಳಗಿರುವವರ ಕಾಲು ಮಾತ್ರ ಹೊರಗಿನವರಿಗೆ ಕಾಣುತ್ತದೆ. ಗೊಂಚಲು ಕತ್ತರಿಸುವವಳು ನಾನೆಂದು ತಾತ ನಮ್ಮ ಚಪ್ಪರವನ್ನು ನನ್ನ ಕೈಗೆ ಎಟುಕುವಷ್ಟು ತಗ್ಗಿಸಿ ಕಟ್ಟಿದ್ದರು. ಸೀಟಿನ ಮೇಲೆ ಕೂತರೆ ಕಪ್ಪು ಗೊಂಚಲು ನೆತ್ತಿಗೆ ತಗಲುತ್ತಿತ್ತು. ತೋಟದ ಅಂಚಿನ ನಾಲ್ಕು ಸಾಲುಗಳಲ್ಲಿ, ಆ ತುದಿಯಿಂದ ಈ ತುದಿಗೆ, ನಾನು ಬಿದ್ದದ್ದು, ಎದ್ದದ್ದು, ಕೊನೆಗೆ ಬೀಳದೆ ಹೋದದ್ದು.

ತೋಟ ಅಣ್ಣತಮ್ಮಂದಿರಲ್ಲಿ ಭಾಗವಾಗಿತ್ತು. ಮೂಡಲ ಕಡೆ ನಮ್ಮದು, ಪಡುವಲ ಕಡೆ ನನ್ನ ಮೈದುನನದು. ನಡುವೆ ಕೆರೆಯ ಕಡೆಗೆ ಹೋಗುವ ಬಂಡಿ ಜಾಡು, ಅದು ಇಡೀ ಊರಿನದು. ಗೊಬ್ಬರದ ಬಂಡಿ ಅದರಲ್ಲೇ ಬರುತ್ತಿತ್ತು. ವೈನ್ ಕಾರ್ಖಾನೆಯ ಲಾರಿ ಅದರ ತುದಿಯಲ್ಲೇ ನಿಂತು, ಮಾರುಕಟ್ಟೆಗೆ ಆಗದ ಹಣ್ಣನ್ನು ತುಂಬಿಕೊಂಡು ಹೋಗುತ್ತಿತ್ತು. ಬಳ್ಳಿಯ ಒಂದು ಕುಡಿ ಜಾಡಿನ ಕಡೆ ಚಾಚಿದರೂ ನಿಮ್ಮ ತಾತ ಅದನ್ನು ತಿರುಗಿಸಿ ಒಳಗೆ ಕಟ್ಟುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ.

ತಾತ ತೀರಿಹೋದಾಗ ಊರಲ್ಲಿ ಬಂಡಿಗಳು ಆಗಲೇ ನಿಂತುಹೋಗುತ್ತಿದ್ದವು. ಅದಾಗಿ ಎರಡು ವರ್ಷಕ್ಕೆ ಮೈದುನ ತನ್ನ ಚಪ್ಪರವನ್ನು ಜಾಡಿನ ಮೇಲಕ್ಕೆ ಎಳೆದ. ಗಡಿಕಲ್ಲನ್ನು ಕಿತ್ತು ನಮ್ಮ ಮೊದಲ ಕಂಬದ ಪಕ್ಕ ನೆಟ್ಟ. ಜಾಡಿನ ಉದ್ದಕ್ಕೂ ಒಂದು ಹೊಸ ಸಾಲು ಬಳ್ಳಿ ಹಾಕಿದ. ನಾನು ನೋಡಿದೆ, ಸುಮ್ಮನಿದ್ದೆ. ಅವನು ಮನೆಗೆ ಬಂದರೆ ಬಾಗಿಲ ಹಿಂದೆ ನಿಂತು ಮಾತನಾಡುವವಳು ನಾನು, ಎದುರು ನಿಂತು ಕೇಳುವುದು ಹೇಗೆ? ಊರಿನ ಜಾಡು, ಬೇಕಾದರೆ ಊರೇ ಕೇಳಲಿ ಎಂದುಕೊಂಡೆ. ಊರು ಕೇಳಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಸೈಕಲ್ ದಾರಿಯ ಮಾತು ಬಂತು. ಯಡಿಯೂರು ಕೆರೆಯ ಸುತ್ತ ಬೆಳಿಗ್ಗೆ ನಡೆಯುತ್ತಿದ್ದ ಜಯನಗರ, ಜೆ.ಪಿ. ನಗರದ ಕೆಲವರು ಸೇರಿ ಒಂದು ಕಮಿಟಿ ಮಾಡಿಕೊಂಡಿದ್ದರು. ಅದರ ಮುಖ್ಯಸ್ಥರು ನಿವೃತ್ತ ಇಂಜಿನಿಯರ್. ಜರಗನಹಳ್ಳಿಯಿಂದ ದ್ರಾಕ್ಷಿ ತೋಟಗಳ ನಡುವೆ ಹಾದು ಹುಳಿಮಾವು ಕೆರೆಯವರೆಗೆ ಮೋಟಾರು ಬಾರದ ಒಂದು ದಾರಿ, ಎರಡೂ ಕಡೆ ಹೊಂಗೆ ಮತ್ತು ನೇರಳೆ ಮರ, ಅಲ್ಲಲ್ಲಿ ತೋಟದ ಬಾಗಿಲಲ್ಲೇ ಹಣ್ಣು ಮಾರುವವರು. ಆ ಮಾತು ಕಿವಿಗೆ ಬಿದ್ದಾಗ ನನಗೆ ಮೊದಲು ಅನ್ನಿಸಿದ್ದು ನಾನೂ ಅದರ ಮೇಲೆ ಹೋಗಬಹುದು ಎಂದು.

ಶಾಲೆಯ ಜಗುಲಿಯಲ್ಲಿ ಸಭೆ ಸೇರಿತು. ಇಂಜಿನಿಯರ್ ನಕ್ಷೆ ಹಾಸಿ ಬೆರಳಿಟ್ಟರು.

"ಹಳೇ ನಕ್ಷೇಲಿ ಇಲ್ಲೊಂದು ಬಂಡಿ ಜಾಡಿದೆ. ಅದು ಸಿಕ್ರೆ ಯಾರ ಬಳ್ಳೀನೂ ಕೀಳ್ಬೇಕಾಗಿಲ್ಲ. ಈಗ ಎಲ್ಲಿದೆ ಅದು?"

ಮೈದುನ ಎದ್ದು ನಿಂತ.

"ಅದಾ ಸಾರ್? ನಮ್ಮಣ್ಣ ತೋಟಕ್ಕೆ ಸೇರಿಸ್ಕೊಂಡ್ಬಿಟ್ಟ. ಸತ್ತೋರ್ ಬಗ್ಗೆ ಹಂಗೆಲ್ಲ ಅನ್ಬಾರ್ದು, ಆದ್ರೆ ಇರೋದ್ನ ಹೇಳ್ಬೇಕಲ್ಲ. ಅವ್ರ ಅಂಚಲ್ಲಿ ನಾಲ್ಕು ಸಾಲಿದಾವಲ್ಲ, ಅದೇ ಜಾಡು."

ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ಇಂಜಿನಿಯರ್ ನನ್ನ ಕಡೆ ತಿರುಗಿದರು. "ಏನಮ್ಮ, ಹೌದಾ?"

ಅಷ್ಟು ಜನ ಗಂಡಸರು ನೋಡುತ್ತಿರುವಾಗ ನಾನು ಸೆರಗು ಎಳೆದುಕೊಂಡು ಕಂಬದ ಹಿಂದಕ್ಕೆ ಇನ್ನಷ್ಟು ಸರಿದೆ.

"ಅತ್ಗೆಗೇನ್ ಗೊತ್ತು ಸಾರ್," ಎಂದ ಮೈದುನ. "ನಾಲ್ಕು ಸಾಲು ಹೋದ್ರೆ ಹೋಯ್ತು, ಬಿಡಿ. ದಾರಿ ಆಗ್ಲಿ, ಮೊದ್ಲು ಸೈಕಲ್ ಹೊಡ್ಯೋದೇ ನಮ್ಮತ್ಗೆ, ನೋಡ್ತಿರಿ."

ಎಲ್ಲರೂ ನಕ್ಕರು. ಇಂಜಿನಿಯರ್ ಕೂಡ ನಕ್ಕರು. ಮರುದಿನವೇ ನಮ್ಮ ನಾಲ್ಕು ಸಾಲುಗಳ ನಡುವೆ ಸುಣ್ಣದ ಗೆರೆ ಬಿತ್ತು.

ನಾಲ್ಕು ಸಾಲು ಹೋಗುತ್ತದೆಂಬ ಸಂಕಟ ಒಂದು ಕಡೆ. ಅದಕ್ಕಿಂತ ಹೆಚ್ಚು ಸುಟ್ಟದ್ದು 'ನಮ್ಮಣ್ಣ ಸೇರಿಸ್ಕೊಂಡ' ಎಂಬ ಮಾತು. ತಾನು ಕದ್ದದ್ದನ್ನು ಸತ್ತವರ ಹೆಸರಿಗೆ ಹಚ್ಚಿದ. ಅವರು ಎದ್ದುಬಂದು ಇಲ್ಲ ಎನ್ನುವಂತಿರಲಿಲ್ಲ, ಬದುಕಿದ್ದ ನಾನು ಎನ್ನಲಿಲ್ಲ.

ನಿಮ್ಮ ಅಮ್ಮ ಆಗ ಕಾಲೇಜಿನಲ್ಲಿದ್ದಳು. "ಚಿಕ್ಕಪ್ಪನ್ನ ಒಬ್ರನ್ನೇ ಕರ್ದು ಕೇಳಮ್ಮ," ಎಂದಳು. "ಊರೋರ್ ಮುಂದೆ ಹೋಗ್ತೀನಿ ಅಂದ್ರೆ ಒಳಗೊಳಗೇ ಸರಿಮಾಡ್ಕೋತಾರೆ." ಅವಳು ಹೇಳಿದ್ದು ಸರಿ. ಹಾಗೆ ಮಾಡಿದ್ದರೆ ಗೆರೆ ಒಂದು ವಾರದಲ್ಲಿ ಬದಲಾಗುತ್ತಿತ್ತು. ಆದರೆ ಜಗುಲಿಯಲ್ಲಿ ನಕ್ಕವರ ಕಿವಿಯಲ್ಲಿ ನಿಮ್ಮ ತಾತನ ಹೆಸರು ಹಾಗೆಯೇ ಉಳಿಯುತ್ತಿತ್ತು. ಒಳಗೊಳಗೇ ಸರಿಯಾಗುವುದು ನನಗೆ ಬೇಕಿರಲಿಲ್ಲ.

ನನಗೆ ಒಂದು ಸಂಗತಿ ಗೊತ್ತಿತ್ತು. ನಮ್ಮಲ್ಲಿ ಹಣ್ಣು ಕೀಳುವಾಗ ಮುಯ್ಯಾಳು ಹೋಗುವುದುಂಟು. ಇವತ್ತು ನಾವು ಅವರ ತೋಟದಲ್ಲಿ, ನಾಳೆ ಅವರು ನಮ್ಮ ತೋಟದಲ್ಲಿ. ಮಾತು ಬಿಟ್ಟರೂ ಮುಯ್ಯಿ ಬಿಡುವ ಹಾಗಿಲ್ಲ. ಹಾಗೆ ಮೈದುನನ ತೋಟಕ್ಕೆ ಹೋದಾಗಲೆಲ್ಲ ಬರಿಗಾಲಿನಲ್ಲಿ ಆ ಹೊಸ ಸಾಲಿನಲ್ಲಿ ನಡೆದಿದ್ದೆ. ಬೇರೆ ಕಡೆ ನೆಲ ಕಾಲಿಗೆ ಮೆತ್ತಗೆ, ಅಲ್ಲಿ ಕಲ್ಲಿನ ಹಾಗೆ. ಎಷ್ಟೋ ಕಾಲ ಕಬ್ಬಿಣದ ಪಟ್ಟಿಯ ಗಾಲಿ ಉರುಳಿದ ನೆಲ. ಬಳ್ಳಿ ಹಾಕುವ ಮೊದಲು ಅದನ್ನು ಆಳವಾಗಿ ಅಗೆದು ಮಗುಚಬೇಕಿತ್ತು. ಅವನು ಸಸಿಗೊಂದು ಗುಂಡಿ ತೋಡಿ ಕೈ ತೊಳೆದುಕೊಂಡಿದ್ದ. ಅದಕ್ಕೇ ಆ ಸಾಲಿನ ಎಲೆ ಯಾವಾಗಲೂ ಹಳದಿ. ಮಳೆ ಬಂದ ಮರುದಿನ ಅಲ್ಲಿ ನೀರು ಇಂಗದೆ ಎರಡು ಗೆರೆಯಾಗಿ ನಿಲ್ಲುವುದನ್ನೂ ನೋಡಿದ್ದೆ.

ಆದರೆ ಅದು ಶಿವರಾತ್ರಿಯ ಕಾಲ. ಜೋರು ಮಳೆಗೆ ಇನ್ನೂ ಎರಡು ತಿಂಗಳಿತ್ತು. ಕಾದೆ.

ಕಾಯುವುದು ಕಷ್ಟವಾಗಲಿಲ್ಲ. ಮೈದುನ ಇಂಜಿನಿಯರನ್ನು ಮನೆಗೆ ಕರೆದು ಕಾಫಿ ಕೊಟ್ಟು ಮತ್ತೊಮ್ಮೆ ಅದೇ ಸುಳ್ಳು ಹೇಳಿದ. ಹಾಲಿನ ಡೇರಿಯ ಮುಂದೆ ಇನ್ನೊಮ್ಮೆ ಹೇಳಿದ. ನಮ್ಮ ಸಾಲುಗಳು ಮುಗಿಯುವ ಕಡೆ, ಬರಲಿದ್ದ ದಾರಿಗೆ ಮುಖ ಮಾಡಿ, ಹಣ್ಣಿನ ರಸ ಮಾರಲು ತೆಂಗಿನ ಗರಿಯ ಅಂಗಡಿ ಹಾಕಿಸಿದ. ಹಾಕಿಸಲಿ ಎಂದುಕೊಂಡೆ. ಅವನು ಎಷ್ಟು ಜನರ ಮುಂದೆ ಹೇಳುತ್ತಾನೋ ಅಷ್ಟು ಒಳ್ಳೆಯದಿತ್ತು. ಆ ಎರಡು ತಿಂಗಳು ನಾನು ಊಟವನ್ನೂ ಹೆಚ್ಚಾಗಿಯೇ ಮಾಡಿದೆ.

ಬಾಯಲ್ಲಿ ಹೇಳಲಾಗದ್ದನ್ನು, ಸುಣ್ಣದ ಗೆರೆ ಬಿದ್ದ ವಾರವೇ, ಇಂಜಿನಿಯರಿಗೆ ಕಾಗದದಲ್ಲಿ ಬರೆದಿದ್ದೆ. ನನ್ನ ತವರೂರ ಶಾಲೆಯ ಮೇಷ್ಟ್ರು ಕಲಿಸಿದ ದುಂಡಕ್ಷರ. 'ಸಾರ್, ಜಾಡು ಎಲ್ಲಿದೆ ಎಂದು ಕೇಳಿದಿರಿ. ಆಗ ಹೇಳಲಾಗಲಿಲ್ಲ. ದಯವಿಟ್ಟು ಬಳ್ಳಿ ಕೀಳುವುದನ್ನು ಮಳೆಯವರೆಗೆ ನಿಲ್ಲಿಸಿ. ಮೊದಲ ಜೋರು ಮಳೆಯ ಮರುದಿನ ಬೆಳಿಗ್ಗೆ ಕಮಿಟಿಯವರೆಲ್ಲ ಬನ್ನಿ, ತೋರಿಸುತ್ತೇನೆ. ಊರಿನವರೂ ಇರಲಿ. ನನ್ನ ಮೈದುನನೂ ಇರಲಿ.' ಕೊನೆಯ ಸಾಲಿನ ಕೆಳಗೆ ಗೆರೆ ಎಳೆದೆ. ನಿಮ್ಮ ಅಮ್ಮ ಅದನ್ನು ಜೆ.ಪಿ. ನಗರದ ಅವರ ಮನೆಗೆ ಕೊಟ್ಟು, ಮಳೆಯವರೆಗೆ ಕಾಯುತ್ತೇವೆ ಎಂಬ ಅವರ ಮಾತು ತಂದಳು.

ಮೇ ತಿಂಗಳ ಒಂದು ಸಂಜೆ ಗುಡುಗಿ ಸುರಿಯಿತು. ಬೆಳಿಗ್ಗೆ ಎಂಟಕ್ಕೆಲ್ಲ ಕಮಿಟಿಯವರು ಪ್ಯಾಂಟು ಮಡಚಿಕೊಂಡು ಬಂದರು. ಜಗುಲಿಯಲ್ಲಿ ನಕ್ಕವರು ಹೆಚ್ಚುಕಡಿಮೆ ಎಲ್ಲರೂ ಬಂದಿದ್ದರು. ಮೈದುನನೂ ಬಂದ, ನಗುನಗುತ್ತಲೇ.

"ಎಲ್ಲಮ್ಮ?" ಎಂದರು ಇಂಜಿನಿಯರ್.

ನಾನು ನೇರವಾಗಿ ಮೈದುನನ ಚಪ್ಪರದೊಳಗೆ ನಡೆದೆ. ಎಲ್ಲರೂ ಹಿಂದೆ ಬಂದರು. ಹಳದಿ ಸಾಲಿನ ಹತ್ತಿರ ಬಗ್ಗಿ ಒಣಗಿದ ಎಲೆಗಳನ್ನು ಕೈಯಿಂದ ಸರಿಸಿದೆ. ಅಲ್ಲಿಂದ ಕೆರೆಯ ಕಡೆಗೆ, ತೋಟದ ಉದ್ದಕ್ಕೂ, ನೀರಿನ ಎರಡು ಗೆರೆಗಳು ಜೊತೆಜೊತೆಯಾಗಿ ನಿಂತಿದ್ದವು. ಹಿಂದೆ ಬಂಡಿ ಹೊಡೆಯುತ್ತಿದ್ದ ಮುದುಕರೊಬ್ಬರು ಒಂದು ಗೆರೆಯಿಂದ ಇನ್ನೊಂದಕ್ಕೆ ಹೆಜ್ಜೆ ಇಟ್ಟು ನೋಡಿದರು.

"ಬಂಡಿ ಅಗಲಾನೇ ಐತಲ್ಲಪ್ಪ. ನನ್ ಎತ್ತು ಒಂದು ಇಲ್ಲಿ, ಒಂದು ಇಲ್ಲಿ," ಎಂದರು.

"ಮಳೆ ನೀರು ಸಾರ್, ಎಲ್ಲಾ ಕಡೆ ನಿಂತೈತೆ," ಎಂದ ಮೈದುನ.

ಇಂಜಿನಿಯರ್ ನಮ್ಮ ನಾಲ್ಕು ಸಾಲುಗಳಿಗೆ ಹೋದರು. ತಲೆಗೆ ತಂತಿ ತಾಗದಂತೆ ಬಗ್ಗಿಕೊಂಡೇ ಆ ತುದಿವರೆಗೆ ಹೋಗಿ ಬಂದರು. ಅವರ ಚಪ್ಪಲಿಗೆ ಮೆತ್ತಿದ್ದದ್ದು ಕೆಸರು ಮಾತ್ರ.

"ಇಲ್ಲಿ ಎಲ್ಲೂ ನಿಂತಿಲ್ವಲ್ಲ," ಎಂದರು.

ಆಗ ನನ್ನ ಬಾಯಿ ತೆರೆಯಿತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಮೈದುನನ ಮುಖ ನೋಡಿ ಮಾತಾಡಿದೆ. "ನೀನು ಗುಂಡಿ ತೋಡ್ದೆ ಅಷ್ಟೆ, ನೆಲ ಅಗೀಲಿಲ್ಲ. ಕದ್ದ ನೆಲಾನೂ ಮೈಮುರ್ದು ಉಳೋಕೆ ಆಗ್ಲಿಲ್ಲ ನಿನ್ ಕೈಲಿ."

ಜಗುಲಿಯಲ್ಲಿ ಎದ್ದಿದ್ದ ನಗೆಯೇ ಮತ್ತೆ ಎದ್ದಿತು. ಈ ಸಲ ನಾನೂ ಸೇರಿಕೊಂಡೆ. ಮೈದುನ ನನ್ನ ಹತ್ತಿರ ಬಂದು ದನಿ ತಗ್ಗಿಸಿದ. "ಅತ್ಗೆ, ಮೊದ್ಲೇ ಒಂದ್ಮಾತು ಹೇಳಿದ್ರೆ ನಾನೇ ಬಿಟ್ಕೊಡ್ತಿದ್ದೆ."

"ಗೊತ್ತು," ಎಂದೆ. "ಅದಕ್ಕೇ ಹೇಳ್ಲಿಲ್ಲ."

ಆ ವಾರವೇ ಜಾಡು ತೆರೆದರು. ಬಳ್ಳಿಗಳಲ್ಲಿ ಹಸಿರು ಗೊಂಚಲಿತ್ತು. ಒಂದು ಸಾಲು ಮಾತ್ರ ಹೋಗುತ್ತದೆಂದು ಎಲ್ಲರೂ ತಿಳಿದಿದ್ದರು. ಆದರೆ ಇಡೀ ಚಪ್ಪರದ ತಂತಿ ಬಿಗಿದಿರುವುದು ಅಂಚಿನ ಕಂಬಗಳಿಗೆ. ಅವನ್ನು ಕೀಳುತ್ತಲೇ ಒಳಗಿನ ಮೂರು ಸಾಲುಗಳು ಒದ್ದೆ ಸೀರೆಯ ಹಾಗೆ ಕುಸಿದವು. ಹೀಗಾಗುತ್ತದೆ ಎಂದು ನನಗೆ ಗೊತ್ತಿತ್ತು. ಮೊದಲೇ ಒಳಗಿನ ಸಾಲಿಗೆ ಆಸರೆಯ ಕಂಬ ಕೊಡಿ ಎಂದು ಒಂದು ಮಾತು ಹೇಳಬಹುದಿತ್ತು. ನಾನು ನಮ್ಮ ಕಡೆಯ ಕಲ್ಲಿನ ಮೇಲೆ ಕೂತು ನೋಡಿದೆ. ನನ್ನ ಓರಗಿತ್ತಿ ಅತ್ತಳು. ಅವಳಿಗೆ ಆ ವರ್ಷ ನಮ್ಮ ಹಣ್ಣಿನಲ್ಲಿ ಎರಡು ಬುಟ್ಟಿ ಕೊಟ್ಟೆ, ಅವನು ಮನೆಯಲ್ಲಿಲ್ಲದ ಹೊತ್ತು ನೋಡಿ.

ದಾರಿ ಹುಳಿಮಾವಿನವರೆಗೆ ಮುಟ್ಟಲಿಲ್ಲ. ಅರ್ಧಕ್ಕೆ ಬಂದಾಗ ಮುಂದಿನ ತೋಟಗಳವರು ಸೈಟು ಮಾಡಲು ಹೊರಟರು. ಕೆಲವು ವರ್ಷಕ್ಕೆ ನಮ್ಮ ತೋಟವೂ ಮನೆಗಳಾಯಿತು. ಉಳಿದದ್ದು ನೀವು ನೋಡಿರುವ ತುಂಡು, ಹೊಂಗೆ ಮರಗಳ ಸಾಲು. ಜಾಡು ತೆರೆದ ವರ್ಷ ಅದಕ್ಕೆ ಕೆಮ್ಮಣ್ಣು ಹಾಕಿದ ಮೊದಲ ಬೆಳಿಗ್ಗೆ ನಿಮ್ಮ ಅಮ್ಮನ ಲೇಡೀಸ್ ಸೈಕಲ್ ತೆಗೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ಮೊದಲು ಸೈಕಲ್ ಹೊಡೆಯುವುದೇ ಅತ್ತಿಗೆ ಎಂದು ಅವನೇ ಹೇಳಿದ್ದನಲ್ಲ. ಅವನ ಮನೆಯ ಜಗುಲಿ ದಾರಿಗೇ ಮುಖ ಮಾಡಿತ್ತು. ಅವನು ಪೇಪರ್ ಹಿಡಿದು ಕುರ್ಚಿಯಲ್ಲಿ ಕೂತಿದ್ದ. ನಾನು ಎರಡು ಸಲ ಬೆಲ್ ಹೊಡೆದೆ.

ಪ್ರತಿದಿನ ಹೊಡೆದೆ. ಮೂರನೆಯ ವಾರ ಜಗುಲಿಯಲ್ಲಿ ಕುರ್ಚಿ ಇರಲಿಲ್ಲ. ಅವನು ಅದನ್ನು ಹಿತ್ತಲಿಗೆ ಒಯ್ದಿದ್ದ. ಇನ್ನು ಸಾಕು ಬಿಡಮ್ಮ ಎಂದಳು ನಿಮ್ಮ ಅಮ್ಮ. ನಾನು ಬಿಡಲಿಲ್ಲ. ಬೆಳಗಿನ ಹೊತ್ತು ಆ ದಾರಿಯಲ್ಲಿ ಬೇರೆ ಸದ್ದಿರುವುದಿಲ್ಲ, ಬೆಲ್ ಹಿತ್ತಲಿಗೂ ಚೆನ್ನಾಗಿ ಕೇಳಿಸುತ್ತದೆ.